ಆಟಿಕೆ ರೈಲಿಗೆ ಮುಕ್ಕಾಲು ಕ್ವಿಂಟಲ್ ಅಡಿಕೆ: ಮಾಡೆಲ್ ಟ್ರೇನ್ ಯಾಕಿಷ್ಟು ದುಬಾರಿ ಆಯ್ತು?

ಹಿಂದೆ ಕೇಳಿಸ್ತಿರೋ ಗಲಾಟೆಗೆ ಮೊದಲೇ ಕ್ಷಮೆ ಕೇಳ್ತೀನಿ. ಇದು ಮಂಡಗದ್ದೆ, ಅದರಲ್ಲೂ ಮಳೆಗಾಲ. ತುಂಗಾ ನದಿ ನಡುವೆ ಇರೋ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಎಲ್ಲಾ ಗೂಡು ಕಟ್ಟಿ ಕೂತಿವೆ. ಮೈಕಿಗೆ ಎರಡು ಕಂಬಳಿ ಸುತ್ತಿದ್ರೂ ಅವು ಒಳಗೆ ಬಂದೇ ಬರ್ತಾವೆ. ಪಕ್ಷಿ ನೋಡೋಕೆ ಬರೋರಿಗೆ ನಮ್ಮೂರು ಗೊತ್ತು. ರೈಲು ನೋಡೋಕೆ ಅಂತ ಇಲ್ಲಿಗೆ ಯಾರೂ ಬರಲ್ಲ, ಯಾಕಂದ್ರೆ ತೀರ್ಥಹಳ್ಳಿ ತಾಲೂಕಲ್ಲಿ ರೈಲು ಹಳಿಯೇ ಇಲ್ಲ. ಹಳಿ ಅಂತ ಇರೋದು ನಮ್ಮನೆ ಮಾಳಿಗೆ ಮೇಲೆ ಮಾತ್ರ. ಹಳೇ ಬಾಗಿಲಿನ ಹಲಗೆ ಮೇಲೆ, ಹದಿನಾರೂವರೆ ಮಿಲಿಮೀಟರ್ ಅಗಲದ್ದು.

ಹೌದು, ನಾನು ಮಾಡೆಲ್ ಟ್ರೇನ್ ಸೇರಿಸ್ತೀನಿ. ಇದುವರೆಗೂ ಯಾವ ಕಂತಲ್ಲೂ ಹೇಳಿರಲಿಲ್ಲ, ಸ್ವಲ್ಪ ನಾಚಿಕೆ ಇತ್ತು. ಇವತ್ತು ಹೇಳೋ ಹಾಗಾಗಿದ್ದು ಒಂದು ಬಿಲ್ಲಿನಿಂದ.

ಎರಡು ವರ್ಷದ ಹಿಂದೆ ಒಂದು ಬ್ರಿಟಿಷ್ ಉಗಿ ಇಂಜಿನ್ನಿಗೆ ಪ್ರೀ-ಆರ್ಡರ್ ಹಾಕಿದ್ದೆ. ಐದು ಸಾವಿರ ಅಡ್ವಾನ್ಸ್. ಕಳೆದ ತಿಂಗಳು ಅಂಗಡಿಯವರಿಂದ ಮೆಸೇಜ್ ಬಂತು: ಮಾಲು ಬಂದಿದೆ, ಒಟ್ಟು 42,500, ಬಾಕಿ 37,500 ಕಟ್ಟಿ. ಫೋನು ಊಟದ ಟೇಬಲ್ ಮೇಲಿತ್ತು. ಅಪ್ಪಯ್ಯ ಓದಿದ್ರು. ಬೈತಾರೆ ಅಂದುಕೊಂಡೆ, ಬೈಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಇನ್ನೊಂದು ಸಲ ಓದಿದ್ರು. ಆಮೇಲೆ, "ಎಂತದು ಮಾರಾಯ ಇದು? ಮುಕ್ಕಾಲು ಕ್ವಿಂಟಲ್ ಅಡಿಕೆ ಆಯ್ತಲ್ಲ" ಅಂದ್ರು. ಅಷ್ಟೇ. ಎದ್ದು ಕೈ ತೊಳೆಯೋಕೆ ಹೋದ್ರು.

ಅಡಿಕೆ ಊರಿನವರಿಗೆ ಈ ಮಾತಿನ ತೂಕ ಗೊತ್ತಾಗುತ್ತೆ. ತೋಟಕ್ಕೆ ಎಲೆಚುಕ್ಕಿ ರೋಗ ಹತ್ತಿದ ಮೇಲೆ ನಮ್ಮ ಫಸಲು ಮೊದಲಿನ ಹಾಗಿಲ್ಲ. ಇದರ ಜೊತೆಗೆ ಕೊಳೆರೋಗ. ಮೈಲುತುತ್ತ, ಸುಣ್ಣ ತಂದು ಬೋರ್ಡೋ ಕಲಸಿ ಔಷಧಿ ಹೊಡೆಸೋಕೆ ಮರ ಹತ್ತುವವರು ಸಿಗಲ್ಲ, ಸಿಕ್ಕರೆ ಕೂಲಿ ಕಮ್ಮಿ ಅಲ್ಲ. ನನ್ನ ದುಡ್ಡು ನನ್ನದೇ ಸಂಪಾದನೆ, ನಿಜ. ಆದ್ರೂ ಅದೇ ಮನೆಯ ಅನ್ನ ತಿಂತಾ, ಅಂಗೈ ಉದ್ದದ ಇಂಜಿನ್ನಿಗೆ ಇಷ್ಟು ಕೊಡೋದಾದ್ರೆ ಯಾಕೆ ಇಷ್ಟು ಅಂತ ನಂಗಾದ್ರೂ ಗೊತ್ತಿರಬೇಕಲ್ವಾ? ಬಿ.ಕಾಂ ಓದಿದವನು ನಾನು. ಕೂತು ಲೆಕ್ಕ ಹಾಕಿದೆ. ಈ ಕಂತು ಅದೇ ಲೆಕ್ಕ.

ಮೊದಲು ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಜಾತ್ರೇಲಿ ಸಿಗೋ, ಕೀ ಕೊಟ್ರೆ ಸುತ್ತೋ ರೈಲಲ್ಲ ಇದು. ನಿಜವಾದ ಒಂದು ಇಂಜಿನ್ನನ್ನ ಲೆಕ್ಕ ಹಾಕಿ ಕುಗ್ಗಿಸಿದ್ದು. ಯುರೋಪ್, ಅಮೆರಿಕದಲ್ಲಿ ಹೆಚ್ಚು ಚಾಲ್ತಿ ಇರೋದು ಎಚ್‌ಓ ಅಳತೆ, ಅಂದ್ರೆ ನಿಜದ 87ನೇ ಒಂದು ಭಾಗ. ಬ್ರಿಟನ್ನಿನವರದ್ದು ಡಬಲ್ ಓ, 76ನೇ ಒಂದು ಭಾಗ. ತಮಾಷೆ ಅಂದ್ರೆ ಎರಡೂ ಓಡೋದು ಅದೇ 16.5 ಮಿ.ಮೀ. ಹಳಿ ಮೇಲೆ. ಇನ್ನೂ ಪುಟ್ಟದು ಎನ್ ಅಳತೆ, 9 ಮಿ.ಮೀ. ಹಳಿ, ಜಪಾನಿನವರಿಗೆ ಅದೇ ಪ್ರಾಣ. ಹಳಿಯಲ್ಲಿ 12 ವೋಲ್ಟ್ ಕರೆಂಟ್ ಹರಿಯುತ್ತೆ, ಚಕ್ರದಿಂದ ಮೋಟರಿಗೆ ಹೋಗುತ್ತೆ. ಇಷ್ಟೇ.

ಇದು ಹೊಸ ಹುಚ್ಚೂ ಅಲ್ಲ. ಜರ್ಮನಿಯ ಗೋಪಿಂಗನ್ ಊರಿನ ಮಾರ್ಕ್ಲಿನ್ ಕಂಪನಿ ಶುರುವಾಗಿದ್ದು 1859ರಲ್ಲಿ. ಬ್ರಿಟನ್ನಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಸ್ಪ್ರಿಂಗ್ ಕೀ ಕೊಡೋ ರೈಲು ಮಾರೋಕೆ ಶುರು ಮಾಡಿದ. ನಂಗೆ ಇದು ಅಂಟಿದ್ದು ಇಂಗ್ಲೆಂಡಿನಿಂದ ರಜೆಗೆ ಬಂದ ಅತ್ತೆ ಮಗ ಕೊಟ್ಟ, ಒಂದು ಬಫರ್ ಮುರಿದ ಹಳೇ ಹಾರ್ನ್‌ಬಿ ಇಂಜಿನ್ನಿಂದ. ಹೊಸದು ಅಂತ ಮೊದಲು ತಗೊಂಡಿದ್ದು 2019ರಲ್ಲಿ, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಾಗ. ಹದಿನೆಂಟು ಸಾವಿರ ಚಿಲ್ಲರೆ. ಆ ತಿಂಗಳ ಸಂಬಳ ಹೆಚ್ಚುಕಮ್ಮಿ ಅಲ್ಲಿಗೇ ಮುಗೀತು. ಪಿಜಿ ಬಾಡಿಗೆಗೆ ಅಮ್ಮನ ಹತ್ರ ಸುಳ್ಳು ಹೇಳಿ ದುಡ್ಡು ಹಾಕಿಸಿಕೊಂಡೆ. ಆವಾಗ ಅದೇ ದುಬಾರಿ ಅನ್ನಿಸಿತ್ತು. ಈಗ ಅದೇ ದರ್ಜೆಯ ಇಂಜಿನ್ನಿಗೆ 42,500.

ಈ ಏರಿಕೆಗೆ ಕಾರಣ ಎರಡು ಕಡೆ ಇದೆ. ಒಂದು ತಯಾರಿಸೋ ಕಡೆ, ಇನ್ನೊಂದು ನಮ್ಮ ಬಂದರಿನ ಕಡೆ.

ತಯಾರಿಸೋ ಕಡೆ ನೋಡೋಣ. ಪ್ಲಾಸ್ಟಿಕ್ ಇಂಜಿನ್ನಿನ ಖರ್ಚು ಪ್ಲಾಸ್ಟಿಕ್ಕಿನದ್ದಲ್ಲ, ಅಚ್ಚಿನದ್ದು. ಹೊಸ ಮಾಡೆಲ್ ಮಾಡೋಕೆ ಮೊದಲು ನಿಜವಾದ ಇಂಜಿನ್ನನ್ನ ಅಳೀಬೇಕು. ಮ್ಯೂಸಿಯಂನಲ್ಲಿ ನಿಂತಿದ್ರೆ ಲೇಸರ್ ಸ್ಕ್ಯಾನ್ ಮಾಡ್ತಾರೆ. ಆಮೇಲೆ ಕಂಪ್ಯೂಟರಲ್ಲಿ ನಕ್ಷೆ, ಆಮೇಲೆ ಉಕ್ಕಿನಲ್ಲಿ ಕೊರೆದ ಅಚ್ಚು. ಒಂದು ಇಂಜಿನ್ನಿಗೆ ಒಂದೇ ಅಚ್ಚಲ್ಲ, ಬಾಯ್ಲರ್‌ಗೆ ಒಂದು, ಕ್ಯಾಬ್‌ಗೆ ಒಂದು, ಟೆಂಡರ್‌ಗೆ ಒಂದು, ಚಿಮಣಿಯಲ್ಲೇ ಎರಡು ಮೂರು ನಮೂನೆ. ಇದು ಬಿ.ಕಾಂ ಮೊದಲ ವರ್ಷದ ಪಾಠ: ಸ್ಥಿರ ವೆಚ್ಚ. ಲೆಕ್ಕಕ್ಕೆ ಅಚ್ಚಿಗೆಲ್ಲ ಸೇರಿ ಒಂದೂವರೆ ಕೋಟಿ ಆಯ್ತು ಅಂತ ಇಟ್ಟುಕೊಳ್ಳಿ. ಹತ್ತು ಸಾವಿರ ಇಂಜಿನ್ ಮಾರಿದ್ರೆ ಒಂದೊಂದರ ತಲೆ ಮೇಲೆ 1,500 ರೂಪಾಯಿ. ಎರಡೇ ಸಾವಿರ ಮಾರಿದ್ರೆ? 7,500. ಇಂಜಿನ್ ಅದೇ, ಪ್ಲಾಸ್ಟಿಕ್ ಅದೇ.

ಹಾಗಾದ್ರೆ ಹತ್ತು ಸಾವಿರ ಮಾರಬಹುದಲ್ಲ ಅಂತೀರಿ. ಕೊಳ್ಳೋರು ಬೇಕಲ್ಲ! ಒಂದು ಕಾಲದಲ್ಲಿ ಅಲ್ಲಿನ ಮಕ್ಕಳಿಗೆ ಕ್ರಿಸ್‌ಮಸ್ ಅಂದ್ರೆ ರೈಲು ಸೆಟ್ಟು. ಈಗಿನ ಮಕ್ಕಳ ಕೈಯಲ್ಲಿ ಏನಿದೆ ಅಂತ ನಾನು ಹೇಳಬೇಕಾಗಿಲ್ಲ, ನಿಮ್ಮ ಕೈಯಲ್ಲೂ ಅದೇ ಇದೆ. ಈಗ ಹೊಸ ಇಂಜಿನ್ ಕೊಳ್ಳೋರಲ್ಲಿ ಹೆಚ್ಚಿನವರು ದೊಡ್ಡವರು, ತಲೆ ನರೆತವರು. ಅವರಿಗೆ ರಿವೆಟ್ ಎಣಿಸೋ ಚಟ. "ಈ ನಂಬರಿನ ಇಂಜಿನ್ನಿಗೆ 1950ರಲ್ಲಿ ಈ ಜಾಗದಲ್ಲಿ ಕೈಹಿಡಿ ಇರಲಿಲ್ಲ" ಅಂತ ಜಗಳ ತೆಗೀತಾರೆ. ಮೊದಲೆಲ್ಲ ಬಾಡಿ ಜೊತೆಗೇ ಉಬ್ಬಿಸಿ ಬಿಡ್ತಿದ್ದ ಕೈಹಿಡಿ, ಪೈಪು, ಏಣಿ ಎಲ್ಲಾ ಈಗ ಬೇರೆ ಬೇರೆ ತುಂಡು, ತಂತಿಯಲ್ಲಿ ಮಾಡಿದ್ದು. ಅದನ್ನ ಚಿಮಟದಲ್ಲಿ ಹಿಡಿದು ಕೂರಿಸೋಕೆ ಯಂತ್ರ ಇಲ್ಲ, ಮನುಷ್ಯರ ಕೈಯೇ ಬೇಕು. ಬಣ್ಣದ ಗೆರೆ, ಪುಟ್ಟ ಅಕ್ಷರ ಒಂದೊಂದನ್ನೂ ಸರದಿ ಮೇಲೆ ಅಚ್ಚು ಒತ್ತಬೇಕು.

ಆ ಕೈಗಳು ಎಲ್ಲಿವೆ? ಚೀನಾದ ಗ್ವಾಂಗ್‌ಡಾಂಗ್ ಕಡೆ. ಹಾರ್ನ್‌ಬಿ ತೊಂಬತ್ತರ ದಶಕದಲ್ಲೇ ಇಂಗ್ಲೆಂಡಿನ ಮಾರ್ಗೇಟ್ ಕಾರ್ಖಾನೆ ಕೆಲಸವನ್ನ ಚೀನಾಕ್ಕೆ ಸಾಗಿಸೋಕೆ ಶುರು ಮಾಡಿತ್ತು. ಅಲ್ಲಿ ಕೂಲಿ ಕಮ್ಮಿ ಅಂತ ಹೋಗಿದ್ದು. ಆ ಕೂಲಿ ಈಗ ಕಮ್ಮಿ ಇಲ್ಲ. ಅದೇ ಕೈಗಳು ಫೋನು ಜೋಡಿಸಿದ್ರೆ ವರ್ಷವಿಡೀ ಕೆಲಸ, ಇಂಜಿನ್ ಜೋಡಿಸಿದ್ರೆ ಕೆಲವೇ ವಾರ. ಕಾರ್ಖಾನೆ ಯಜಮಾನ ಯಾವುದನ್ನ ಆರಿಸ್ತಾನೆ ಹೇಳಿ.

ಇನ್ನೊಂದು ಸ್ವಾರಸ್ಯ ಇದೆ. ಹಾರ್ನ್‌ಬಿಗೆ ಮಾಲು ಮಾಡಿಕೊಡ್ತಿದ್ದ ದೊಡ್ಡ ಕಾರ್ಖಾನೆ ಸಂಡಾ ಕಾನ್ ಅಂತ. ಅದು ಸಾಲದಲ್ಲಿ ಮುಳುಗಿದಾಗ 2008ರ ಹೊತ್ತಿಗೆ ಹಾಂಗ್‌ಕಾಂಗಿನ ಕೇಡರ್ ಕಂಪನಿ ಕೊಂಡುಕೊಂಡಿತು. ಕೇಡರ್ ಯಾರು? ಹಾರ್ನ್‌ಬಿಯ ಎದುರಾಳಿ ಬ್ಯಾಕ್‌ಮನ್ ಕಂಪನಿಯ ಯಜಮಾನ! ನಿಮ್ಮ ಹೋಟೆಲಿಗೆ ಹಿಟ್ಟು ರುಬ್ಬಿಕೊಡೋನನ್ನ ಎದುರಿನ ಹೋಟೆಲಿನವನೇ ಕೊಂಡ ಹಾಗೆ. ಆಮೇಲೆ ಹಾರ್ನ್‌ಬಿ ವರ್ಷಗಟ್ಟಲೆ ಬೇರೆ ಕಾರ್ಖಾನೆ ಹುಡುಕಿ ಒದ್ದಾಡಿತು, ಮಾಲು ಹೊತ್ತಿಗೆ ಬರಲಿಲ್ಲ. ಮಾರ್ಕ್ಲಿನ್ ಕಥೆಯೂ ಸುಖದ್ದಲ್ಲ. 150 ವರ್ಷ ತುಂಬಿದ 2009ರಲ್ಲೇ ದಿವಾಳಿ ಅರ್ಜಿ ಹಾಕಿ, ಆಮೇಲೆ ಚೇತರಿಸಿಕೊಂಡಿದ್ದು. ಬೆಲೆ ಏರಿಸಿ ದುಡ್ಡು ಬಾಚಿಕೊಳ್ತಿದ್ದಾರೆ ಅಂತ ನಾವು ಬೈತೀವಲ್ಲ, ಬ್ಯಾಲೆನ್ಸ್ ಶೀಟು ನೋಡಿದ್ರೆ ಬಾಚಿಕೊಂಡವರ ಹಾಗೆ ಕಾಣಲ್ಲ.

ಅದರ ಮೇಲೆ ಡಿಸಿಸಿ ಅನ್ನೋದು ಬಂತು. ಹಳಿ ಮೂಲಕ ಡಿಜಿಟಲ್ ಸೂಚನೆ ಕಳಿಸಿ ಒಂದೇ ಹಳಿ ಮೇಲೆ ನಾಲ್ಕು ಇಂಜಿನ್ ಬೇರೆ ಬೇರೆ ಓಡಿಸಬಹುದು. ಇಂಜಿನ್ ಹೊಟ್ಟೇಲಿ ಚಿಪ್ಪು, ಪುಟ್ಟ ಸ್ಪೀಕರ್, ನಿಜವಾದ ಇಂಜಿನ್ನಿನ ರೆಕಾರ್ಡ್ ಮಾಡಿದ ಸದ್ದು. ಕೇಳೋಕೆ ಸೊಗಸು, ಸುಳ್ಳು ಹೇಳಲ್ಲ. ಆದ್ರೆ ಸದ್ದಿನ ಚಿಪ್ಪು ಒಂದೇ ನೂರು ಪೌಂಡ್ ಆಸುಪಾಸು ಆಗುತ್ತೆ. ನನ್ನ ಆರ್ಡರ್ ಸದ್ದಿಲ್ಲದ್ದು, ಆದ್ರೂ ಈ ಬೆಲೆ.

ಈಗ ಬಂದರಿನ ಕಡೆ ಬರೋಣ. ನನ್ನ ಅಪ್ಪಯ್ಯನಿಗೆ ವಿವರಿಸೋಕೆ ಕಷ್ಟ ಆಗಿದ್ದು ಇದೇ.

ಸರ್ಕಾರದ ಕಸ್ಟಮ್ಸ್ ಪುಸ್ತಕದಲ್ಲಿ ಪ್ರತಿ ಮಾಲಿಗೂ ಒಂದು ನಂಬರ್ ಇರುತ್ತೆ. ಆಟಿಕೆಗಳದ್ದು 9503. ಗೊಂಬೆ, ಮೂರು ಗಾಲಿ ಸೈಕಲ್ಲು, ಪಜಲ್ ಇರೋ ಅದೇ ಸಾಲಲ್ಲಿ ಅಳತೆಗೆ ಕುಗ್ಗಿಸಿದ ಮಾಡೆಲ್‌ಗಳೂ ಇವೆ. 2020ರ ಬಜೆಟ್‌ನಲ್ಲಿ ಈ ಸಾಲಿನ ಮೂಲ ಸುಂಕ ಶೇ. 20ರಿಂದ ಒಂದೇ ಏಟಿಗೆ ಶೇ. 60 ಆಯ್ತು. 2023ರಲ್ಲಿ ಶೇ. 70.

ಲೆಕ್ಕ ಮಾಡೋಣ. ನೀವು ಬಸ್ಸಲ್ಲಿ ಇದ್ರೆ ಫೋನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. 2019ರ ಒಂದು ಇಂಜಿನ್: ಬ್ರಿಟನ್ ಅಂಗಡೀಲಿ 150 ಪೌಂಡ್. ಹೊರದೇಶಕ್ಕೆ ಹೋಗೋ ಮಾಲಿಗೆ ಅವರ ಶೇ. 20 ತೆರಿಗೆ ಬಿಡ್ತಾರೆ, ಉಳಿದಿದ್ದು 125. ಆವಾಗ ಪೌಂಡ್‌ಗೆ ಸುಮಾರು 90 ರೂಪಾಯಿ, ಅಂದ್ರೆ 11,250. ಸಾಗಣೆ ಎರಡು ಸಾವಿರ ಸೇರಿಸಿ 13,250. ಚಿಲ್ಲರೆ ಸೆಸ್ ಎಲ್ಲಾ ಬಿಟ್ಟುಬಿಡೋಣ. ಸುಂಕ ಶೇ. 20 ಸೇರಿದ್ರೆ 15,900. ಅದರ ಮೇಲೆ ಜಿಎಸ್‌ಟಿ ಶೇ. 18 ಅಂತ ಹಿಡಿದ್ರೆ 18,762. ನಾನು ಆವಾಗ ಕೊಟ್ಟಿದ್ದಕ್ಕೆ ಹೆಚ್ಚುಕಮ್ಮಿ ಸರಿಹೋಯ್ತು.

ಈಗಿಂದು: ಅಂಗಡಿ ಬೆಲೆ 180 ಪೌಂಡ್, ತೆರಿಗೆ ಬಿಟ್ಟು 150. ಪೌಂಡ್‌ಗೆ 120 ಇಟ್ಟುಕೊಳ್ಳೋಣ, 18,000. ಸಾಗಣೆ ಎರಡೂವರೆ ಸಾವಿರ, ಒಟ್ಟು 20,500. ಸುಂಕ ಶೇ. 70, ಅಂದ್ರೆ 14,350. ಸೇರಿದ್ರೆ 34,850. ಅದರ ಮೇಲೆ ಅದೇ ಶೇ. 18. ಬಂತು ನೋಡಿ 41,123. ಅಂಗಡಿಯವರು ತಮಗೆ ಅಂತ ಇಟ್ಟುಕೊಂಡಿದ್ದು ಸಾವಿರದ ಚಿಲ್ಲರೆ.

ಈ ಲೆಕ್ಕದಲ್ಲಿ ಒಂದು ವಿಷಯ ಗಮನಿಸಿ. ಸುಂಕ ಅದೇ ಶೇ. 20 ಇದ್ದಿದ್ರೆ ಇವತ್ತಿನ ಬೆಲೆ 29,028 ಆಗ್ತಿತ್ತು. ಅಂದ್ರೆ ಏಳು ವರ್ಷದಲ್ಲಿ ಏರಿದ 22,361 ರೂಪಾಯಲ್ಲಿ 12,095 ಸುಂಕದ್ದು. ಉಳಿದ ಹತ್ತು ಸಾವಿರ ಚಿಲ್ಲರೆ ಕಂಪನಿಯ ಬೆಲೆ ಏರಿಕೆ, ಸಾಗಣೆ, ಮತ್ತು ರೂಪಾಯಿ ಬಿದ್ದಿದ್ದು. ರೂಪಾಯಿ ವಿಷಯ ಹೇಳೋದಾದ್ರೆ, 2010ರಲ್ಲಿ ಡಾಲರಿಗೆ ಸುಮಾರು 45 ಇತ್ತು, 2025ರ ಡಿಸೆಂಬರಲ್ಲಿ 90 ದಾಟಿತು. ಇಂಗ್ಲೆಂಡಿನ ಹವ್ಯಾಸಿಗಳು ಬೆಲೆ ಐದರಲ್ಲೊಂದು ಭಾಗ ಏರಿತು ಅಂತ ಗೋಳಾಡ್ತಾರೆ. ನಮಗೆ ಎರಡು ಪಟ್ಟು ದಾಟಿದೆ.

"ಹಾಗಾದ್ರೆ ಸರ್ಕಾರದ್ದೇ ತಪ್ಪು" ಅಂತ ಇಲ್ಲಿಗೆ ನಿಲ್ಲಿಸಿದ್ರೆ ಕ್ಲಿಪ್ ಚೆನ್ನಾಗಿ ಓಡುತ್ತೆ. ಆದ್ರೆ ನ್ಯಾಯ ಅಲ್ಲ. ಸುಂಕ ಹಾಕಿದ್ದು ನನ್ನಂಥ ನಾಲ್ಕು ಜನಕ್ಕೆ ಅಂತ ಅಲ್ಲ. ಚೀನಾದಿಂದ ಕಂಟೇನರ್‌ಗಟ್ಟಲೆ ಅಗ್ಗದ ಪ್ಲಾಸ್ಟಿಕ್ ಆಟಿಕೆ ಬಂದು ಬೀಳ್ತಿತ್ತು. ಮಗು ಬಾಯಿಗೆ ಹಾಕಿದ್ರೆ ಏನಾಗುತ್ತೋ ಅನ್ನೋ ಬಣ್ಣದವೂ ಅದರಲ್ಲಿದ್ವು. ಅದಕ್ಕೇ 2021ರ ಜನವರಿಯಿಂದ ಹದಿನಾಲ್ಕು ವರ್ಷದ ಒಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ್ರು. ಸರ್ಕಾರದ ಅಂಕಿ ಪ್ರಕಾರ ಆಟಿಕೆ ಆಮದು 2018-19ರಲ್ಲಿ 30.4 ಕೋಟಿ ಡಾಲರ್ ಇದ್ದದ್ದು 2021-22ಕ್ಕೆ 3.6 ಕೋಟಿ ಡಾಲರ್‌ಗೆ ಇಳೀತು. ನಮ್ಮ ರಾಜ್ಯದಲ್ಲೇ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆ ಇದೆ. ಅಲ್ಲಿನ ಮರದ ರೈಲು ನನ್ನ ಅಕ್ಕನ ಮಗಳ ಹತ್ರ ಈಗಲೂ ಇದೆ, ನಾಯಿ ಕಚ್ಚಿದ್ರೂ ಏನೂ ಆಗಿಲ್ಲ. ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಬಂತು, 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ್ದು ನಮ್ಮ ಜಿಲ್ಲೆಯವರೇ ಆದ ಯಡಿಯೂರಪ್ಪ. ಅಲ್ಲಿ ಕೆಲಸ ಸಿಕ್ಕ ಹೆಣ್ಣುಮಗಳ ಮುಂದೆ ನಿಂತು ನನ್ನ ಇಂಜಿನ್ ದುಬಾರಿ ಆಯ್ತು ಅಂತ ಅಳೋಕೆ ನಂಗೆ ಮುಖ ಇಲ್ಲ.

ನನ್ನ ತಕರಾರು ಬೇರೆ. ರಕ್ಷಣೆ ಅಂತ ಸುಂಕ ಹಾಕೋದು ಇಲ್ಲೂ ಅದನ್ನ ಮಾಡೋರು ಇದ್ದಾಗ. ಅಳತೆ ಮಾಡೆಲ್ ರೈಲು ಮಾಡೋರು ನಮ್ಮ ದೇಶದಲ್ಲಿ ಬೆರಳೆಣಿಕೆ, ಅವರೂ ಕಾರ್ಖಾನೆಗಿಂತ ಮನೆಯ ಶೆಡ್ಡಿಗೆ ಹತ್ತಿರ. ಅವರಿಗೆ ಬೇಕಾದ ಮೋಟರ್, ಗೇರು, ಚಕ್ರ, ಡಿಕೋಡರ್ ಎಲ್ಲಾ ಹೊರಗಿಂದಲೇ ಬರಬೇಕು. ಅದೆಲ್ಲ ಸೇರಿಸಿ ಮಾಡಿದ ಇಂಜಿನ್ ಅಗ್ಗ ಆಗೋದು ಹೇಗೆ? ಹಾಗಂತ ಇಲ್ಲಿ ಕೈ ಇಲ್ಲ ಅಂತಲ್ಲ. ಹಾರ್ನ್‌ಬಿಯವರದ್ದೇ ಏರ್‌ಫಿಕ್ಸ್ ವಿಮಾನದ ಕಿಟ್‌ಗಳನ್ನ ಕೆಲವು ವರ್ಷ ಭಾರತದಲ್ಲೇ ಅಚ್ಚು ಹಾಕಿಸ್ತಿದ್ರು, ಪೆಟ್ಟಿಗೆ ಮೇಲೆ ಮೇಡ್ ಇನ್ ಇಂಡಿಯಾ ಅಂತ ಇರ್ತಿತ್ತು.

2025ರ ಜುಲೈನಲ್ಲಿ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗ ನನ್ನ ವಾಟ್ಸಾಪ್ ಗುಂಪಲ್ಲಿ ಹಬ್ಬ. ಇನ್ನು ಹಾರ್ನ್‌ಬಿ ಅಗ್ಗ ಅಂತ. ನಾನೂ ಒಂದು ದಿನ ನಂಬಿದೆ. ಆಮೇಲೆ ತಲೆಗೆ ಬಂತು, ಇಂಥ ಒಪ್ಪಂದಗಳಲ್ಲಿ ಮಾಲು ಎಲ್ಲಿ ತಯಾರಾಯ್ತು ಅಂತ ನೋಡ್ತಾರೆ, ಕಂಪನಿಯ ಆಫೀಸು ಎಲ್ಲಿದೆ ಅಂತ ಅಲ್ಲ. ಇಂಜಿನ್ ಮೇಲೆ ಬ್ರಿಟಿಷ್ ರೈಲ್ವೇಸ್ ಅಂತ ಬರೆದಿರುತ್ತೆ. ತಿರುಗಿಸಿದ್ರೆ ಅಡಿಯಲ್ಲಿ ಮೇಡ್ ಇನ್ ಚೈನಾ.

ಸೆಕೆಂಡ್ ಹ್ಯಾಂಡ್ ತಗೋ ಅಂತ ಕೆಲವರು ಹೇಳ್ತಾರೆ. ತಗೊಳ್ಳಿ, ನಾನೂ ತಗೊಂಡಿದೀನಿ. ಆದ್ರೆ ಎರಡು ಎಚ್ಚರಿಕೆ. ಒಂದು, "ಇದು ಇನ್ವೆಸ್ಟ್‌ಮೆಂಟ್, ಪೆಟ್ಟಿಗೆ ಒಡೀಬೇಡ" ಅನ್ನೋರ ಮಾತು ಕೇಳಬೇಡಿ. ಅಚ್ಚು ಕಂಪನಿ ಹತ್ರ ಹಾಗೇ ಇರುತ್ತೆ. ನೀವು ಅಪರೂಪ ಅಂತ ಬಚ್ಚಿಟ್ಟ ಇಂಜಿನ್ನನ್ನ ಅವರು ನಾಲ್ಕು ವರ್ಷ ಬಿಟ್ಟು ಹೊಸ ಮೋಟರ್ ಹಾಕಿ ಮತ್ತೆ ಬಿಟ್ರೆ ಮುಗೀತು. ಅಡಿಕೆ ದರ ಏರುತ್ತೆ ಅಂತ ಮೂಟೆ ಹಿಡಿದಿಟ್ಟು ಕೂತವರನ್ನ ನೋಡಿ ಬೆಳೆದವನು ನಾನು, ಈ ಪಾಠಕ್ಕೆ ಡಿಗ್ರಿ ಬೇಕಾಗಿಲ್ಲ. ಎರಡನೇದು ನಮ್ಮ ಮಲೆನಾಡಿಗೆ ಸಂಬಂಧಪಟ್ಟಿದ್ದು. ಹಳೇ ಇಂಜಿನ್ನುಗಳ ಒಳಗಿನ ಚೌಕಟ್ಟು ಸತುವಿನ ಮಿಶ್ರಲೋಹದ್ದು. ಎರಕ ಹೊಯ್ಯುವಾಗ ಅದರಲ್ಲಿ ಸೀಸ ಸೇರಿದ್ದರೆ ವರ್ಷಗಳು ಕಳೆದ ಹಾಗೆ ಅದು ಒಳಗಿಂದಲೇ ಊದಿಕೊಂಡು, ಬಿರುಕು ಬಿಟ್ಟು, ಬಿಸ್ಕತ್ತಿನ ಹಾಗೆ ಪುಡಿಯಾಗುತ್ತೆ. ತೇವ ಇದ್ರೆ ಇನ್ನೂ ಬೇಗ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮನೇಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಇನ್ನು ಸತು ಯಾವ ಲೆಕ್ಕ. ಅತ್ತೆ ಮಗ ಕೊಟ್ಟ ಆ ಮೊದಲ ಹಾರ್ನ್‌ಬಿ ಈಗ ಎರಡು ತುಂಡು. ಅಕ್ಕಿ ಡಬ್ಬಿಯ ಹಾಗೆ ಗಾಳಿ ಆಡದ ಡಬ್ಬಿ ತಗೊಂಡು, ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಸರಿ, ಬಿಲ್ಲಿನ ಕಥೆಗೆ ಬರ್ತೀನಿ. ಈ ಲೆಕ್ಕ ಎಲ್ಲಾ ಒಂದು ಹಾಳೇಲಿ ಬರೆದು ರಾತ್ರಿ ಊಟ ಆದಮೇಲೆ ಅಪ್ಪಯ್ಯನ ಮುಂದೆ ಇಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ನೋಡಿದ್ರು. ಶೇ. 70 ಅನ್ನೋ ಕಡೆ ಸ್ವಲ್ಪ ಹೊತ್ತು ನಿಂತ್ರು. ಆಮೇಲೆ ಕೇಳಿದ್ದು ಲೆಕ್ಕದ ಪ್ರಶ್ನೆ ಅಲ್ಲ. "ಅಲ್ವೋ, ಇದು ಯಾವೂರಿನ ರೈಲು? ನೀನು ಹತ್ತಿದ್ದು ಹೌದಾ ಇದನ್ನ?"

ನಾನು ಹತ್ತಿಲ್ಲ. ನೋಡೂ ಇಲ್ಲ. ನಾನು ಮೊದಲು ಹತ್ತಿದ್ದು ರೈಲ್‌ಬಸ್. ಶಿವಮೊಗ್ಗ-ತಾಳಗುಪ್ಪ ಮೀಟರ್‌ಗೇಜ್ ಹಳಿ ಮೇಲೆ ಓಡ್ತಿತ್ತಲ್ಲ, ಬಸ್ಸಿನ ಮೂತಿ, ರೈಲಿನ ಚಕ್ರ. ಸಾಗರದಲ್ಲಿ ಅಜ್ಜಿಮನೆ. ಇಲ್ಲಿಂದ ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ಬೇಕಂತಲೇ ಅಪ್ಪಯ್ಯ ನನ್ನನ್ನ ರೈಲ್‌ಬಸ್ಸಿಗೆ ಹತ್ತಿಸ್ತಿದ್ರು. ಕುಂಸಿ, ಅರಸಾಳು, ಆನಂದಪುರ, ಕಾಡಿನ ಒಳಗೆ ಕುಲುಕ್ತಾ ಹೋಗೋದು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಯ್ತು. ಒಳ್ಳೇದೇ ಆಯ್ತು, ಈಗ ಸಾಗರದವರು ರಾತ್ರಿ ಮಲಗಿ ಬೆಳಗ್ಗೆ ಬೆಂಗಳೂರಲ್ಲಿ ಇಳೀತಾರೆ. ಅರಸಾಳು ಅಂದ್ರೆ ಹೊಸನಗರ ತಾಲೂಕಿನ ಪುಟ್ಟ ಸ್ಟೇಷನ್, ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲು ನಿಲ್ದಾಣ ಮಾಡಿಕೊಂಡಿದ್ದ ಜಾಗ. 2020ರಲ್ಲಿ ಹಳೇ ಕಟ್ಟಡವನ್ನ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ರೈಲ್‌ಬಸ್ ಮಾತ್ರ ಹೋಯ್ತು.

ಅದರ ಮಾಡೆಲ್ ಎಷ್ಟಾಗುತ್ತೆ ಅಂತ ಕೇಳಿ. ಎಷ್ಟೂ ಇಲ್ಲ. ಯಾವ ಕಂಪನಿಯೂ ಮಾಡಲ್ಲ, ನಾಲ್ಕು ಲಕ್ಷ ಕೊಡ್ತೀನಿ ಅಂದ್ರೂ ಸಿಗಲ್ಲ. ಮೇಲೆ ಹೇಳಿದ ಅಚ್ಚಿನ ಲೆಕ್ಕಾನೇ ತಗೊಳ್ಳಿ: ಒಂದೂವರೆ ಕೋಟಿ ಹಾಕಿ ಅಚ್ಚು ಕೊರೆಸಿದ್ರೆ ಕೊಳ್ಳೋರು ಯಾರು? ನಾನು, ಮತ್ತೆ ಸಾಗರದ ಒಂದಿಬ್ಬರು.

ಹಳಿಯ ಅಗಲದ್ದೂ ಒಂದು ಕಗ್ಗಂಟಿದೆ. ಮೀಟರ್‌ಗೇಜನ್ನ ಎಚ್‌ಓ ಅಳತೆಗೆ ಕುಗ್ಗಿಸಿದ್ರೆ ಹನ್ನೊಂದೂವರೆ ಮಿಲಿಮೀಟರ್ ಬರುತ್ತೆ. ಅದಕ್ಕೆ ಹತ್ತಿರದ 12 ಮಿ.ಮೀ. ಹಳಿ ಸಿಗುತ್ತೆ, ಸ್ವಿಟ್ಜರ್ಲೆಂಡಿನ ಬೆಟ್ಟದ ಮೀಟರ್‌ಗೇಜ್ ರೈಲುಗಳಿಗೆ ಅಂತ ಮಾಡಿದ್ದು, ಬೆಲೆಯೂ ಸ್ವಿಟ್ಜರ್ಲೆಂಡಿನದ್ದೇ. ಬ್ರಾಡ್‌ಗೇಜಿನವರಿಗೂ ಸುಖ ಇಲ್ಲ ಬಿಡಿ. ನಮ್ಮ 1,676 ಮಿ.ಮೀ. ಹಳಿ ಎಚ್‌ಓದಲ್ಲಿ 19 ಮಿ.ಮೀ. ದಾಟುತ್ತೆ, ಆದ್ರೆ ಭಾರತದ ಮಾಡೆಲ್‌ಗಳೂ ಅನಿವಾರ್ಯವಾಗಿ 16.5ರ ಮೇಲೇ ಓಡ್ತಾವೆ, ದೊಡ್ಡ ಮೈಗೆ ಸಣ್ಣ ಕಾಲು. ನಾನು ಕಂಡುಕೊಂಡ ದಾರಿ ಉಲ್ಟಾ. ಅಗ್ಗಕ್ಕೆ ಸಿಗೋದು ಎನ್ ಅಳತೆಯ 9 ಮಿ.ಮೀ. ಹಳಿ. ಅದನ್ನೇ ಮೀಟರ್‌ಗೇಜ್ ಅಂದುಕೊಂಡ್ರೆ? ಸಾವಿರವನ್ನ ಒಂಬತ್ತರಿಂದ ಭಾಗಿಸಿ, 111 ಬರುತ್ತೆ. ಸರಿ, ನನ್ನ ರೈಲ್‌ಬಸ್ ನಿಜದ 111ನೇ ಒಂದು ಭಾಗ. ಈ ಅಳತೇಲಿ ಯಾರೂ ಏನೂ ಮಾರಲ್ಲ, ಅದರಿಂದ ಕೊಳ್ಳೋ ಚಪಲವೂ ಇಲ್ಲ.

ಜಪಾನಿನ ಕಾಟೊ ಕಂಪನಿ ಮೋಟರ್ ಇರೋ ಪುಟ್ಟ ಚಾಸಿ ಮಾತ್ರ ಬೇರೆಯಾಗಿ ಮಾರುತ್ತೆ. ಅದು, ಹಳಿ, ಅಂಟು, ಬಣ್ಣ, ಎಲ್ಲಾ ಸೇರಿ ಇದುವರೆಗೆ ಆರು ಸಾವಿರದ ಒಳಗಿದೆ. ಸುಂಕ ಅದಕ್ಕೂ ಬಿದ್ದಿದೆ, ಆದ್ರೆ ಸಣ್ಣ ಮೊತ್ತದ ಮೇಲೆ. ಬಾಡಿಗೆ ಮೊದಲು ಅಡಿಕೆ ಹಾಳೆ ಕತ್ತರಿಸಿ ನೋಡಿದೆ. ಐಡಿಯಾ ಅಂತ ಬೀಗಿದ್ದೆ, ಮೂರನೇ ದಿನಕ್ಕೆ ಮಳೆಗಾಲದ ತೇವಕ್ಕೆ ಬಾಳೆಹಣ್ಣಿನ ಹಾಗೆ ಬಾಗಿತು. ಈಗ ದಪ್ಪ ರಟ್ಟು, ಮೇಲೆ ವಾರ್ನಿಷ್. ನಕ್ಷೆ ಸರಿ ಬಂದ ಮೇಲೆ ಶಿವಮೊಗ್ಗದಲ್ಲಿ ಥ್ರೀಡಿ ಪ್ರಿಂಟ್ ಮಾಡಿಸಬೇಕು ಅಂತಿದೀನಿ. ಥ್ರೀಡಿ ಪ್ರಿಂಟಿಂಗ್‌ನ ದೊಡ್ಡ ಗುಣ ಅದೇ. ಅಚ್ಚೇ ಇಲ್ಲ, ಹಾಗಾಗಿ ಒಂದು ಮಾಡಿದ್ರೂ ಸಾವಿರ ಮಾಡಿದ್ರೂ ಒಂದೊಂದರ ಖರ್ಚು ಹೆಚ್ಚುಕಮ್ಮಿ ಅಷ್ಟೇ.

ಉಗಿ ಇಂಜಿನ್ ಆರ್ಡರ್ ಕ್ಯಾನ್ಸಲ್ ಮಾಡಿದೆ. ಅಡ್ವಾನ್ಸ್ ಐದು ಸಾವಿರ ವಾಪಸ್ ಬರಲಿಲ್ಲ, ಪ್ರೀ-ಆರ್ಡರ್ ಹಾಕುವಾಗ ಆ ಷರತ್ತನ್ನ ನಾನು ಓದಿರಲಿಲ್ಲ. ನೀವು ಓದಿ. ಬೇಜಾರಾಗಿಲ್ಲ ಅಂದ್ರೆ ಸುಳ್ಳು. ಅದರ ಫೋಟೊ ಈಗಲೂ ಫೋನಲ್ಲಿದೆ, ದಿನಕ್ಕೊಂದು ಸಲ ನೋಡ್ತೀನಿ. ಸುಂಕ ಇಳಿದ್ರೆ ಮೊದಲು ಓಡೋನು ನಾನೇ.

ರೈಲ್‌ಬಸ್ ಕೆಲಸ ಈಗ ನಿಂತಿದೆ. ಕಾರಣ ದುಡ್ಡಲ್ಲ, ಜಗಳ. ಬಾಗಿಲು ಎಲ್ಲಿತ್ತು ಅನ್ನೋದರ ಮೇಲೆ ನಂಗೂ ಅಪ್ಪಯ್ಯನಿಗೂ ಹದಿನೈದು ದಿನದಿಂದ ವಾದ. ಮುಂದೆ, ಡ್ರೈವರ್ ಪಕ್ಕ ಅಂತ ನಾನು. "ನಿಂಗೆ ಏಳು ವರ್ಷ, ನಿನ್ನನ್ನ ಎತ್ತಿ ಹತ್ತಿಸಿದ್ದು ನಾನು, ನಂಗೆ ಗೊತ್ತಿಲ್ವಾ" ಅಂತ ಅವರು. ಬಣ್ಣದ ವಿಷಯಕ್ಕೆ ಇನ್ನೂ ಬಂದೇ ಇಲ್ಲ. ನಿನ್ನೆ ಔಷಧಿ ಹೊಡೆಸೋಕೆ ತೋಟಕ್ಕೆ ಹೋದವರು ನಡುವೆ ಫೋನ್ ಮಾಡಿದ್ರು. ಕೂಲಿ ದುಡ್ಡಿಗೆ ಅಂದುಕೊಂಡೆ, "ಕಿಟಕಿಗೆ ಅಡ್ಡ ಸರಳು ಇತ್ತು ಕಣೋ, ಬರ್ಕೊ" ಅಂದ್ರು.

ಕೇಳ್ತಿರೋರಲ್ಲಿ ಸಾಗರ, ಆನಂದಪುರ, ತಾಳಗುಪ್ಪ ಕಡೆಯವರು ಇದ್ರೆ ಮನೇಲಿ ಹಳೇ ಆಲ್ಬಮ್ ತೆಗೆದು ನೋಡಿ. ರೈಲ್‌ಬಸ್ಸಿನ ಎದುರಿನ ಫೋಟೊ ಬೇಡ, ಅದು ಬೇಕಾದಷ್ಟಿದೆ. ಪಕ್ಕದಿಂದ ತೆಗೆದಿದ್ದು, ಬಾಗಿಲು ಕಾಣೋ ಹಾಗೆ ಒಂದೇ ಒಂದು ಸಿಕ್ರೂ ಸಾಕು. ಇನ್‌ಸ್ಟಾಗ್ರಾಮಲ್ಲಿ ಮೆಸೇಜ್ ಹಾಕಿ. ನಾನು ಹೇಳಿದ್ದೇ ಸರಿ ಅಂತ ಆದ್ರೆ ಮುಂದಿನ ಕಂತಲ್ಲಿ ಹೇಳ್ತೀನಿ. ಅಪ್ಪಯ್ಯ ಹೇಳಿದ್ದು ಸರಿ ಅಂತ ಆದ್ರೂ ಹೇಳಬೇಕಾಗುತ್ತೆ, ಅವರೂ ಈ ಪಾಡ್‌ಕಾಸ್ಟ್ ಕೇಳ್ತಾರೆ ಅಂತ ಮೊನ್ನೆ ಗೊತ್ತಾಯ್ತು.